ತವರಿಗೆ ಬಂದವಳ ಖಾನೆ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಜೊತೆಯಲ್ಲಿ ಕೆಲಸ ಮಾಡಿದವರೆಲ್ಲ ಹೇಳುತ್ತಾರೆ. ಇರಬಹುದು. ಆರೋಗ್ಯ ಸಹಾಯಕಿಯಾಗಿ ಅರ್ಧ ಆಯಸ್ಸು ಕಂಡವರ ಬಾಗಿಲು ಬಡಿದವಳಿಗೆ ಕೋಪ ಬಾರದೆ ಇನ್ನೇನು ಬಂದೀತು? ಆದರೆ ಈಗ ಬರೆಯಲು ಕೂತಿರುವ ವಿಷಯದಲ್ಲಿ ಆ ಕೋಪವನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ಊರೆಲ್ಲ ಸುತ್ತಿ ಕೊನೆಗೆ ಅದು ನನ್ನ ಮನೆಗೇ ಬರುತ್ತದೆ.

ನನ್ನ ಮನೆ ದಾವಣಗೆರೆಯ ವಿನೋಬನಗರದಲ್ಲಿ, ಕೆಲಸ ಹರಿಹರದಲ್ಲಿ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಸಂಜೆ ಬರುತ್ತಿದ್ದೆ. ಆ ವರ್ಷ ನಮ್ಮ ಇಲಾಖೆಗೆ ಹೊಸ ಹುಮ್ಮಸ್ಸು ಬಂದಿತ್ತು. ಯಾವ ಬೀದಿಯಲ್ಲಿ ಬಸುರಿಯರು ಎಷ್ಟು, ಕೂಸುಗಳು ಎಷ್ಟು, ಸಕ್ಕರೆ ಕಾಯಿಲೆಯವರು ಎಷ್ಟು, ಕುಡಿಯುವ ನೀರು ಹೇಗಿದೆ ಎಂದು ಮನೆ ಮನೆಗೆ ಹೋಗಿ ಕೇಳಿ ಬರೆದುಕೊಳ್ಳುವುದು. ಆ ಲೆಕ್ಕದ ಮೇಲೆ ಮುಂದಿನ ವರ್ಷದ ಯೋಜನೆ ಮಾಡುವುದು. ಬಸುರಿಯರು ಹೆಚ್ಚಿರುವ ಬೀದಿಗೆ ತಿಂಗಳಿಗೊಮ್ಮೆ ಲೇಡಿ ಡಾಕ್ಟರು ಬಂದು, ಅಲ್ಲೇ ರಕ್ತ ಪರೀಕ್ಷೆ ಮಾಡಿ, ಔಷಧಿ ಕೊಟ್ಟು ಹೋಗಬೇಕೆಂದು ನಿಶ್ಚಯವಾಗಿತ್ತು. ಊರಿಗೆಲ್ಲ ಒಂದೇ ಅಳತೆಯ ಅಂಗಿ ಹೊಲಿಯುವ ಬದಲು ಮೈ ಅಳತೆ ತೆಗೆದುಕೊಂಡು ಹೊಲಿಯೋಣ ಅನ್ನುವ ಈ ಮಾತು ನನಗೂ ಹಿಡಿಸಿತ್ತು. ಅಳತೆ ತೆಗೆಯುವ ಟೇಪು ನನ್ನ ಕೈಯಲ್ಲೇ ಇತ್ತಲ್ಲ.

ಜನ ಸಾಲದೆ ಮೊದಲ ಎರಡು ವಾರ ನನ್ನನ್ನು ವಿನೋಬನಗರದ ಲೆಕ್ಕಕ್ಕೇ ಹಾಕಿದರು. ನಮ್ಮ ಪಕ್ಕದ ಕ್ರಾಸಿನಲ್ಲಿ ಒಂದು ಹಿಟ್ಟಿನ ಗಿರಣಿ ಇದೆ. ನಮ್ಮ ಮನೆಯ ಜೋಳ ಬೀಸುವುದು ಅಲ್ಲೇ. ಗಿರಣಿಯ ಯಜಮಾನಿ ಹುಬ್ಬಿನವರೆಗೂ ಹಿಟ್ಟು ಬಳಿದುಕೊಂಡು ಕೂತಿರುವ, ಬಾಯಿ ಜೋರಿನ, ಕೈ ದೊಡ್ಡದಿರುವ ಹೆಂಗಸು. ಮಷಿನ್ನು ನಿಲ್ಲಿಸಿ ನನ್ನ ಪ್ರಶ್ನೆಗಳಿಗೆ ಉತ್ತರ ಕೊಟ್ಟಳು.

"ಮನೆಯಾಗೆ ಎಷ್ಟು ಮಂದಿ?"

"ಮೂರೇ ಬರ್ಕೊಳ್ರಿ. ನಾನು, ನಮ್ಮನೆಯವ್ರು, ಮಗ. ಮಗ ಲಾರಿ ಮ್ಯಾಲೆ ಹೋಗಿರ್ತಾನೆ, ಬರ್ತಿರ್ತಾನೆ."

"ಸೊಸೆ?"

"ಆಕಿ ಈಗ ಇಲ್ಲಿ ಎಲ್ಲಿ ಅದಾಳ್ರಿ? ಹರಿಹರದಾಗೆ ತವರಿಗೆ ಹೋಗ್ಯಾಳೆ. ಆರರಾಗೆ ಬಿದ್ದೈತೆ. ವಾಂತಿ ಭಾಳ ಆಗ್ತಿತ್ತು, ಏಳರಾಗೆ ಮಾಡೋ ಕುಬುಸದ ದಾರಿ ಕಾಯದೆ ಅವ್ರಮ್ಮ ಬಂದು ಕರ್ಕೊಂಡು ಹೋದ್ಲು. ಚೊಚ್ಚಲು ಅಲ್ವಾ, ಬಾಣಂತನ ಅವ್ರದೇ."

ನಮ್ಮ ಫಾರಂನಲ್ಲಿ 'ಸದ್ಯ ಮನೆಯಲ್ಲಿ ಇರುವವರು' ಎಂದಿತ್ತು. ನಿಯಮದ ಪ್ರಕಾರ ಮೂರು ಎಂದು ಬರೆದೆ. ಬಸುರಿಯರ ಖಾನೆಯಲ್ಲಿ ಸೊನ್ನೆ ಸುತ್ತಿದೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ಹರಿಹರದ ಲೆಕ್ಕದಲ್ಲಿ ಸಿಕ್ಕೇ ಸಿಗುತ್ತಾಳೆ ಅಂದುಕೊಂಡೆ. ಅಲ್ಲಿ ಯಾವ ಬೀದಿ, ಯಾವ ಮನೆ ಎಂದು ಕೇಳಲಿಲ್ಲ. ಬಿಸಿಲೇರಿತ್ತು, ಇನ್ನೂ ಹನ್ನೆರಡು ಮನೆ ಬಾಕಿ ಇತ್ತು.

ಮುಂದಿನ ವಾರ ಹರಿಹರಕ್ಕೆ ಮರಳಿದೆ. ತುಂಗಭದ್ರೆಯ ಕಡೆಗೆ ಇಳಿಯುವ ಒಂದು ಇಕ್ಕಟ್ಟಾದ ಬೀದಿ ನನ್ನ ಪಾಲಿನದು. ಅಲ್ಲಿ ಒಬ್ಬ ತಾಯಿ ಅಂಗಡಿಗಳಿಗೆ ಖಡಕ್ ರೊಟ್ಟಿ ಮಾಡಿಕೊಡುತ್ತಿದ್ದಳು. ನಾನು ಹೋದಾಗಲೂ ರೊಟ್ಟಿ ಬಡಿಯುತ್ತಲೇ ಮಾತಾಡಿದಳು. ಮನೆಯಲ್ಲಿ ನಾಲ್ಕು ಮಂದಿ ಅಂದಳು: ತಾನು, ಗಂಡ, ಮಗ, ಸಣ್ಣ ಮಗಳು. ಬಸುರಿ ಬಾಣಂತಿ ಯಾರಾದರೂ ಇದ್ದಾರೆಯೇ ಎಂದು ಕೇಳಿದೆ.

"ನಮ್ಮನೆಯಾಗೆ ಯಾರಿಲ್ರಿ ಸಿಸ್ಟರ್."

ಒಳಗೆ ಬಳೆಯ ಸದ್ದಾಯಿತು. ಯಾವುದೋ ಕೈ ಬಾಗಿಲ ಸಂದಿಯಿಂದ ಹಿಟ್ಟಿನ ಬೋಗುಣಿಯನ್ನು ಈಚೆಗೆ ಸರಿಸಿತು. ಸಣ್ಣ ಮಗಳಿರಬೇಕು ಅಂದುಕೊಂಡೆ. ಮತ್ತೆ ಸೊನ್ನೆ ಸುತ್ತಿದೆ. ಆ ಬೀದಿ ಮುಗಿಯುವವರೆಗೂ ಸೊನ್ನೆ ಸುತ್ತುತ್ತಲೇ ಹೋದೆ. ಎಲ್ಲ ಮನೆಯಲ್ಲೂ ಅದೇ ಉತ್ತರ.

ಆ ತಾಯಿ ಸುಳ್ಳು ಹೇಳಲಿಲ್ಲ. ಇದನ್ನು ನಾನು ಎಷ್ಟು ಸಲ ಹೇಳಿದರೂ ನಮ್ಮ ಕಚೇರಿಯ ಕೆಲವರಿಗೆ ಅರ್ಥವಾಗಲಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ. ಬಾಣಂತನಕ್ಕೆ ಬಂದ ಮಗಳಿಗೆ ತಾಯಿ ತುಪ್ಪ ಬಡಿಸುತ್ತಾಳೆ, ಕಾಲು ಒತ್ತುತ್ತಾಳೆ, ಆದರೆ ನಿನ್ನ ಮನೆಯಲ್ಲಿ ಎಷ್ಟು ಮಂದಿ ಎಂದರೆ ಲೆಕ್ಕಕ್ಕೆ ಸೇರಿಸುವುದಿಲ್ಲ. ಸೇರಿಸಿದರೆ ಅವಳು ಗಂಡನ ಮನೆ ಬಿಟ್ಟು ಬಂದ ಹಾಗೆ. ಗಿರಣಿಯ ಅತ್ತೆಯೂ ಸುಳ್ಳು ಹೇಳಲಿಲ್ಲ. ಉಣ್ಣುವ ತಟ್ಟೆ ಇಲ್ಲಿಲ್ಲ ಅಂದಮೇಲೆ ಇಲ್ಲ. ಇಬ್ಬರು ನಿಜ ಹೇಳುವ ಹೆಂಗಸರ ನಡುವೆ ಒಂದು ಜೀವ ಜಾರಿ ಬಿತ್ತು.

ನನಗಂತೂ ಇದು ತಿಳಿಯದ ಸಂಗತಿಯಲ್ಲ. ನನ್ನ ತವರು ಮಾಯಕೊಂಡ. ನಾವು ನಾಲ್ಕು ಜನ ಮಕ್ಕಳು. ನಮ್ಮವ್ವನನ್ನು ಯಾರಾದರೂ ಮಕ್ಕಳೆಷ್ಟು ಎಂದು ಕೇಳಿದರೆ "ಎರಡು ಗಂಡು" ಅನ್ನುತ್ತಿದ್ದಳು. ಸ್ವಲ್ಪ ತಡೆದು, "ಹೆಣ್ಣು ಎರಡು, ಕೊಟ್ಟಾಯ್ತು" ಅನ್ನುತ್ತಿದ್ದಳು. ನಾನು ಬಾಣಂತನಕ್ಕೆ ಹೋಗಿ ಅವಳ ಎದುರೇ ಮಲಗಿದ್ದಾಗಲೂ ಹೀಗೇ ಅಂದಿದ್ದಳು. ಆಗ ನಾನು ನಕ್ಕಿದ್ದೆ. ಇಷ್ಟು ಗೊತ್ತಿದ್ದೂ ಆ ಬೀದಿಯಲ್ಲಿ ಎರಡನೇ ಪ್ರಶ್ನೆ ನನ್ನ ಬಾಯಿಗೆ ಬರಲಿಲ್ಲ. ಫಾರಂನಲ್ಲಿ ಇಲ್ಲದ್ದನ್ನು ಕೇಳುವ ಅಭ್ಯಾಸ ತಪ್ಪಿಹೋಗಿತ್ತು.

ಲೆಕ್ಕವೆಲ್ಲ ಮುಗಿದ ಮೇಲೆ ಕಚೇರಿಯ ಗೋಡೆಗೆ ಹರಿಹರದ ದೊಡ್ಡ ನಕ್ಷೆ ಹಚ್ಚಿ, ಒಬ್ಬೊಬ್ಬ ಬಸುರಿಗೆ ಒಂದೊಂದರಂತೆ ಹಣೆಗಿಡುವ ಕೆಂಪು ಸ್ಟಿಕ್ಕರ್ ಅಂಟಿಸಿದೆವು. ಆ ಉಪಾಯ ನನ್ನದೇ. ನೋಡಲು ಚೆನ್ನಾಗಿಯೇ ಇತ್ತು. ಸ್ಟಿಕ್ಕರ್ ಗುಂಪಾಗಿರುವ ಬೀದಿಗಳಿಗೆ ಡಾಕ್ಟರ ತಪಾಸಣೆ ಎಂದು ತೀರ್ಮಾನವಾಯಿತು. ಹೊಳೆಯ ಕಡೆಯ ಬೀದಿ ಬೋಳು ಹಣೆಯ ಹಾಗಿತ್ತು. ನಮ್ಮ ಕಚೇರಿಯ ಸಾಹೇಬರು ಅದರ ಮೇಲೆ ಬೆರಳಿಟ್ಟು, "ಇಲ್ಲಿ ಅವಶ್ಯಕತೆ ಇಲ್ಲ, ಮೇಡಂ ಲೆಕ್ಕ ಭಾಳ ಕ್ಲೀನಾಗೈತೆ" ಅಂದರು. ನನಗೆ ಒಳಗೊಳಗೇ ಖುಷಿಯಾಯಿತು. ಆ ಖುಷಿಯನ್ನು ನೆನೆದರೆ ಇವತ್ತಿಗೂ ಮೈಯೆಲ್ಲ ಮುಳ್ಳೇಳುತ್ತದೆ.

ಎರಡು ತಿಂಗಳ ನಂತರ ಒಂದು ಗುರುವಾರ ಕೂಸುಗಳಿಗೆ ಚುಚ್ಚುಮದ್ದು ಹಾಕಲು ಅದೇ ಬೀದಿಗೆ ಹೋಗಿದ್ದೆ. ರೊಟ್ಟಿ ಮಾಡುವ ಮನೆಯ ಕಟ್ಟೆಯ ಮೇಲೆ ಒಬ್ಬ ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ತುಂಬಿದ ಹೊಟ್ಟೆ. ನೀರಿನ ಕೊಡ ಇಳಿಸಿ ಬಂದದ್ದಕ್ಕೇ ಬಾಯಲ್ಲಿ ಉಸಿರಾಡುತ್ತಿದ್ದಳು. ಹತ್ತಿರ ಹೋಗಿ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಸುಣ್ಣ ಬಳಿದ ಗೋಡೆಯಷ್ಟು ಬೆಳ್ಳಗಿತ್ತು. ಉಗುರೂ ಹಾಗೇ.

"ಯಾರ ಮನೆ ಮಗಳವ್ವ ನೀನು?"

"ಇದೇ ಮನೆರಿ. ಕೊಟ್ಟಿದ್ದು ದಾವಣಗೆರೆ ವಿನೋಬನಗರಕ್ಕೆ. ಗಿರಣಿ ಮನೆ."

ಬ್ಯಾಗನ್ನು ಕಟ್ಟೆಯ ಮೇಲಿಟ್ಟು ಅವಳ ಪಕ್ಕ ಕೂತೆ. ಅವಳನ್ನು ನಾನು ಎರಡು ಸಲ ಬಿಟ್ಟಿದ್ದೆ, ಎರಡು ಊರಲ್ಲಿ. ಬೆರಳು ಚುಚ್ಚಿ ರಕ್ತ ನೋಡಿದೆ. ಅಷ್ಟು ತೆಳು ಬಣ್ಣದ ರಕ್ತ ಇಟ್ಟುಕೊಂಡು ಹೆರುವುದಿರಲಿ, ಮೆಟ್ಟಿಲು ಹತ್ತುವುದೂ ಕಷ್ಟ. ಮೂರನೇ ತಿಂಗಳಲ್ಲಿ ವಿನೋಬನಗರದಲ್ಲಿ ಒಮ್ಮೆ ತಪಾಸಣೆಯಾಗಿ, ಬಸುರಿಯರಿಗೆ ಕೊಡುವ ತಾಯಿ ಕಾರ್ಡು ಕೊಟ್ಟಿದ್ದರಂತೆ. ಆಮೇಲೆ ಯಾರೂ ನೋಡಿಲ್ಲ. ಅಲ್ಲಿಯವರು ಊರಿಗೆ ಹೋಗಿದ್ದಾಳೆ ಎಂದು ಬಿಟ್ಟರು, ಇಲ್ಲಿ ನಾನು ಸೊನ್ನೆ ಸುತ್ತಿದ್ದೆ. ಕೇಳುತ್ತ ಹೋದರೆ ಆ ಬೀದಿಯಲ್ಲಿ ತವರಿಗೆ ಬಂದವರು ಇನ್ನೂ ಇಬ್ಬರು ಇದ್ದರು.

ತಾಯಿ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು. ಈಗಲೇ ದಾವಣಗೆರೆಗೆ ಕರೆದುಕೊಂಡು ಹೋಗೋಣ, ರಕ್ತ ಹಾಕಿಸಬೇಕು ಅಂದೆ.

"ಅತ್ತೆ ಮನೆಯವ್ರಿಗೆ ಹೇಳದೆ ಹೆಂಗೆ ಕಳಿಸ್ಲಿ ಸಿಸ್ಟರ್? ರಕ್ತ ಹಾಕ್ಸೋದು ಅಂದ್ರೆ ಸಣ್ಣ ಮಾತಾ? ನಾಳೆ ಏನಾರ ಹೆಚ್ಚುಕಮ್ಮಿ ಆದ್ರೆ ಜೀವಮಾನ ಪೂರ್ತಿ ನಮ್ಮ ತಲೆಮ್ಯಾಲೆ. ಕಾರ್ಡೂ ಅವ್ರ ಹತ್ರನೇ ಐತೆ. ಅವ್ರ ಕೈಯಿಂದ ಕಾರ್ಡ್ ಬರ್ಲಿ, ಉಟ್ಟ ಸೀರೆಯಾಗೆ ಹೊರಡ್ತೀವಿ."

ಅಲ್ಲೇ ಫೋನ್ ಹಚ್ಚಿದೆವು. ಗಿರಣಿ ಮನೆಯವರು ಯಾರೂ ಎತ್ತಲಿಲ್ಲ. ಅಲ್ಲಿಂದ ನೇರ ಕಚೇರಿಗೆ ಹೋದೆ. ಡಾಕ್ಟರು ಮರುದಿನವೇ ಆ ಬೀದಿಗೆ ಬಂದು ಹೇಳಿದರೆ ಆ ತಾಯಿ ಮರುಮಾತಾಡದೆ ಹೊರಡುತ್ತಾಳೆ ಎಂದು ನನ್ನ ನಂಬಿಕೆ. ನರ್ಸಮ್ಮನ ಮಾತು ಬೇರೆ, ಡಾಕ್ಟರ ಮಾತು ಬೇರೆ. ಸಾಹೇಬರು ತಾಳ್ಮೆಯಿಂದಲೇ ಕೇಳಿದರು.

"ಮೇಡಂ, ಪ್ಲಾನ್ ಅಪ್ರೂವ್ ಆಗೇತ್ರಿ. ನಾಳೆ ಡಾಕ್ಟರ್ ಹೋಗೋ ಬೀದಿ ಬ್ಯಾರೆ. ಅಲ್ಲೂ ಬಸುರಿಯರು ಕಾಯ್ತಿರ್ತಾರೆ. ಬದಲಿ ಮಾಡ್ಬೇಕಂದ್ರೆ ಕಮಿಟಿ ಮುಂದೆ ಇಡ್ಬೇಕು. ನಿಮ್ಮ ಲೆಕ್ಕನೇ ಅಲ್ವಾ ಇದು?"

ನನ್ನ ಲೆಕ್ಕವೇ. ನನಗೆ ತಡೆದುಕೊಳ್ಳಲಾಗಲಿಲ್ಲ. ಹಣೆಯ ಮೇಲಿದ್ದ ಸ್ಟಿಕ್ಕರ್ ಕಿತ್ತು ನಕ್ಷೆಯ ಆ ಬೋಳು ಬೀದಿಯ ಮೇಲೆ ಅಂಟಿಸಿ, "ಈಗ ಐತಲ್ರಿ, ಈಗ ಕಳಿಸ್ರಿ" ಅಂದೆ. ಕಚೇರಿಯೆಲ್ಲ ತಿರುಗಿ ನೋಡಿತು. ಸಾಹೇಬರು ಕನ್ನಡಕ ತೆಗೆದು, ನಕ್ಷೆಯ ಫೋಟೊ ಆಗಲೇ ಮೇಲಕ್ಕೆ ಹೋಗಿದೆ ಎಂದು ಮೆತ್ತಗೆ ಹೇಳಿದರು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದು ಹಗುರಾಗುತ್ತಿದ್ದೆ.

ಅಂದು ಸಂಜೆ ವಿನೋಬನಗರದಲ್ಲಿ ಬಸ್ಸಿಳಿದವಳು ನೇರ ಗಿರಣಿಗೆ ಹೋದೆ. ಬೀಗ. ಮದುವೆಗೆ ಹೋಗಿದ್ದಾರೆ, ಬೆಳಿಗ್ಗೆ ಬರುತ್ತಾರೆ ಎಂದು ಪಕ್ಕದವರು ಹೇಳಿದರು. ಬೆಳಿಗ್ಗೆ ಗಿರಣಿಯ ಬಾಗಿಲು ತೆರೆಯುವ ಮೊದಲೇ ನಾನು ಅಲ್ಲಿ ನಿಂತಿದ್ದೆ. ವಿಷಯ ಕೇಳಿ ಯಜಮಾನಿಗೆ ಗಾಬರಿಯಾಯಿತು. ಇಲ್ಲ ಅನ್ನಲಿಲ್ಲ, ಒಮ್ಮೆಯೂ ಅನ್ನಲಿಲ್ಲ. ನನ್ನನ್ನು ಒಳಗೆ ಕರೆದುಕೊಂಡು ಹೋಗಿ ದೇವರ ಜಗಲಿ ತೋರಿಸಿದಳು. ದೇವರ ಫೋಟೊದ ಹಿಂದೆ ತಾಯಿ ಕಾರ್ಡು ಇತ್ತು, ಅರಿಶಿನ ಕುಂಕುಮ ಹಚ್ಚಿತ್ತು, ಮೇಲೆ ಒಂದು ಹೂವಿತ್ತು.

"ಸುಸೂತ್ರ ಹೆರಿಗೆ ಆಗ್ಲಿ ಅಂತ ಆಕಿ ಹೋದಾಗಿಂದ ದೇವ್ರ ಹತ್ರ ಇಟ್ಟೀನ್ರಿ. ದಿನಾ ಕೈ ಮುಗೀತೀನಿ. ಆದ್ರೆ ಇವತ್ತು ಶುಕ್ರವಾರ. ಜಗಲಿ ಮ್ಯಾಲಿಂದು ಹೊಸ್ತಿಲು ದಾಟಿಸಂಗಿಲ್ರಿ. ನಾಳೆ ಬೆಳಿಗ್ಗೆ ಮೊದಲ ಕೆಲಸ ಇದೇ, ಒಯ್ಯಿರಿ. ಅಲ್ಲಿತನಕ ನಾನು ಬೀಗರಿಗೆ ಫೋನ್ ಮಾಡಿ ಹೇಳ್ತೀನಿ."

ನನ್ನ ಎದುರೇ ಫೋನ್ ಮಾಡಿದಳು. ನಾಳೆ ನರ್ಸಮ್ಮ ಕಾರ್ಡು ತರ್ತಾರೆ, ಕರ್ಕೊಂಡು ಹೊರಡ್ರಿ, ನಾನೂ ಆಸ್ಪತ್ರೆಗೆ ಬರ್ತೀನಿ ಅಂದಳು. ಆ ಕಡೆಯಿಂದ ತಾಯಿ ಹೂಂ ಅಂದಳು. ಎಲ್ಲರೂ ಒಪ್ಪಿದರು. ಯಾರೂ ಜಗಳವಾಡಲಿಲ್ಲ.

ಸಾಹೇಬರ ಎದುರು ಹಣೆಯ ಸ್ಟಿಕ್ಕರ್ ಕಿತ್ತವಳು ಆ ಜಗಲಿಯ ಎದುರು ತುಟಿ ಬಿಚ್ಚಲಿಲ್ಲ. ನಮ್ಮ ಮನೆಯಲ್ಲೂ ಶುಕ್ರವಾರ ಹೆಪ್ಪಿಗೆ ಮೊಸರು ಕೇಳಿದರೆ ಕೊಡುವುದಿಲ್ಲ. ಕಾರ್ಡಿನಲ್ಲಿ ಏನಿದೆ, ಒಂದು ನಂಬರು, ರಕ್ತದ ಗುಂಪು. ಫೋನಿನಲ್ಲಿ ಫೋಟೊ ತೆಗೆದುಕೊಂಡು ಅಂದೇ ಹುಡುಗಿಯನ್ನು ಎಬ್ಬಿಸಿಕೊಂಡು ಬರಬಹುದಿತ್ತು. ಅದು ನನಗೆ ಹೊಳೆದದ್ದು ಶನಿವಾರ ಮಧ್ಯಾಹ್ನ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಶುಕ್ರವಾರ ಹರಿಹರಕ್ಕೆ ಹೋಗಿ ಹುಡುಗಿಯನ್ನು ಮಾತಾಡಿಸಿ ಬಂದೆ. ಸ್ವಲ್ಪ ನಕ್ಕಳು. ನಾಳೆ ಮಿರ್ಚಿ ಬಜ್ಜಿ ತಿನ್ನಬಹುದಾ ಎಂದು ಕೇಳಿದಳು. ಆಸ್ಪತ್ರೆಯಿಂದ ಬರುವಾಗ ನಾನೇ ಕೊಡಿಸುತ್ತೇನೆ ಅಂದೆ.

ಶನಿವಾರ ಬೆಳಿಗ್ಗೆ ಯಜಮಾನಿ ಸ್ನಾನ ಮಾಡಿ, ಕಾರ್ಡನ್ನು ಕಣ್ಣಿಗೊತ್ತಿಕೊಂಡು ನನ್ನ ಕೈಗಿಟ್ಟಳು. ಬಸ್ಸು ಹತ್ತಿದೆ. ಊರು ದಾಟಿದ ಸ್ವಲ್ಪ ಹೊತ್ತಿಗೆ ಎದುರಿನಿಂದ ಆಂಬುಲೆನ್ಸ್ ಕೂಗಿಕೊಂಡು ಬಂತು. ನಮ್ಮ ಡ್ರೈವರು ಬಸ್ಸನ್ನು ಪಕ್ಕಕ್ಕೆ ಒತ್ತಿದ. ಪಾಪ ಯಾರೋ ಏನೋ ಎಂದು ಪಕ್ಕದ ಹೆಂಗಸು ಅಂದಳು, ನಾನೂ ಹೂಂ ಅಂದೆ. ಕಾರ್ಡಿನ ಕುಂಕುಮ ಬ್ಯಾಗಿಗೆ ಹತ್ತೀತೆಂದು ಅದನ್ನು ಕರವಸ್ತ್ರದಲ್ಲಿ ಸುತ್ತುತ್ತಿದ್ದೆ.

ಬೀದಿಗೆ ಹೋದಾಗ ಮನೆಯ ಬಾಗಿಲು ಹಾರು ಹೊಡೆದಿತ್ತು. ಒಲೆಯ ಮೇಲೆ ರೊಟ್ಟಿಯೊಂದು ಕರಕಲಾಗಿ ಹೊಗೆಯಾಡುತ್ತಿತ್ತು. ಎದುರು ಮನೆಯ ಮುದುಕಿ ಹೊರಗೆ ಬಂದಳು.

"ಬೆಳಿಗ್ಗೆ ರಕ್ತ ಹೋಗಾಕೆ ಹತ್ತಿತ್ರಿ ಯವ್ವ. ನಿಲ್ಲಲೇ ಇಲ್ಲ. ಈಗ್ತಾನೆ ಒಯ್ದ್ರು. ನೀವು ಎದುರಿಗೆ ಸಿಗಲಿಲ್ವಾ?"

ಸಿಕ್ಕಿದ್ದೆ. ಅವಳು ದಾವಣಗೆರೆ ಮುಟ್ಟುವ ಮೊದಲೇ ಹೋಗಿದ್ದಳು, ಹೊಟ್ಟೆಯೊಳಗಿನ ಕೂಸೂ. ಒಬ್ಬರಿಗಾಗುವಷ್ಟು ರಕ್ತವೇ ಇರದ ಮೈಯಿಂದ ಅಷ್ಟು ರಕ್ತ ಹೋದರೆ ಉಳಿಯುವುದಾದರೂ ಹೇಗೆ. ನಾನು ಮರಳಿ ದಾವಣಗೆರೆ ಮುಟ್ಟಿದಾಗ ಆಸ್ಪತ್ರೆಯ ಅಂಗಳದಲ್ಲಿ ಬೀಗಿತಿಯರಿಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ನೆಲದ ಮೇಲೆ ಕೂತಿದ್ದರು. ಗಿರಣಿಯ ಯಜಮಾನಿ ನನ್ನನ್ನು ನೋಡಿ, "ನಿನ್ನೆನೇ ಕೊಟ್ಟಿದ್ರೆ ಉಳೀತಿದ್ಲೇನ್ರಿ?" ಎಂದು ಕೇಳಿದಳು. ಇಲ್ಲ, ಕೊಟ್ಟಿದ್ದರೂ ಅಷ್ಟೇ ಎಂದು ಒಂದು ಸುಳ್ಳು ಹೇಳಬಹುದಿತ್ತು. ಆ ಪ್ರಶ್ನೆ ನನಗೂ ಸೇರಿದ್ದು.

ಆಮೇಲೆ ನಡೆದದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಬಸುರಿ ಬಾಣಂತಿಯರ ಸಾವು ಯಾರ ಲೆಕ್ಕಕ್ಕೆ ಬರುತ್ತದೋ ಅವರ ಯೋಜನೆಗೆ ಕಪ್ಪು ಚುಕ್ಕೆ. ಮದುವೆಯಾದ ಮನೆ ದಾವಣಗೆರೆ ಎಂದು ಹರಿಹರದಿಂದ ಕಾಗದ ಹೋಯಿತು. ಇದ್ದದ್ದು ಹರಿಹರ ಎಂದು ದಾವಣಗೆರೆಯಿಂದ ಕಾಗದ ಬಂತು. ದಾರಿಯಲ್ಲಿ ಜೀವ ಹೋಗಿದ್ದರಿಂದ ಅದು ಯಾವ ಗಡಿಯ ಒಳಗೆ ಎಂದು ಆಂಬುಲೆನ್ಸಿನವರನ್ನು ಕೇಳಿದರು. ಎರಡೂ ಮನೆಯ ಲೆಕ್ಕ ಬರೆದವಳು ನಾನಾದ್ದರಿಂದ ನನ್ನ ಹೇಳಿಕೆ ಬೇಕೆಂದರು. ಬದುಕಿದ್ದಾಗ ಯಾವ ಮನೆಗೂ ಸೇರದವಳು ಸತ್ತ ಮೇಲೆ ಯಾವ ಕಚೇರಿಗೂ ಬೇಡವಾದಳು. ನನ್ನ ಲೆಕ್ಕಕ್ಕೆ ಬರೆದುಕೊಳ್ಳಿ ಎಂದು ಆ ಮೀಟಿಂಗಿನಲ್ಲಿ ಕೂಗಾಡಿ, ಕುರ್ಚಿ ನೂಕಿ ಎದ್ದು ಬಂದೆ. ನನ್ನ ಮೇಲೆ ಒಂದು ನೋಟಿಸೂ ಬಂತು. ಉತ್ತರದಲ್ಲಿ ನಾಲ್ಕು ಸಾಲು ಬರೆದು, ಕೊನೆಗೆ ಫಾರಂನಲ್ಲಿ ಒಂದು ಪ್ರಶ್ನೆ ಸೇರಿಸಿ ಎಂದು ಕೇಳಿಕೊಂಡೆ. ನೋಟಿಸು ಕೊಟ್ಟವರ ಕಾಲು ಹಿಡಿದೆ ಎಂದರೂ ತಪ್ಪಲ್ಲ.

ಸೇರಿಸಿದರು. ಮುಂದಿನ ವರ್ಷದ ಹೊಸ ಫಾರಂನ ಕೊನೆಯ ಹಾಳೆಯಲ್ಲಿ ಆ ಪ್ರಶ್ನೆ ಅಚ್ಚಾಗಿತ್ತು: 'ತವರಿಗೆ ಬಂದಿರುವ ಹೆಣ್ಣುಮಕ್ಕಳು ಇದ್ದಾರೆಯೇ? ಇದ್ದರೆ ಎಷ್ಟು? ಎಷ್ಟನೇ ತಿಂಗಳು?' ನಕ್ಷೆಯ ಬೋಳು ಬೀದಿಗಳ ಮೇಲೆಲ್ಲ ಕೆಂಪು ಸ್ಟಿಕ್ಕರ್‌ಗಳು ಎದ್ದವು. ಸಾಹೇಬರೇ ಒಂದೆರಡನ್ನು ತಮ್ಮ ಕೈಯಿಂದ ಅಂಟಿಸಿದರು. ಡಾಕ್ಟರು ಹೊಳೆಯ ಕಡೆಯ ಬೀದಿಗೂ ಬರತೊಡಗಿದರು. ಒಳ್ಳೆಯದೇ ಆಯಿತು. ಅದನ್ನು ಒಳ್ಳೆಯದು ಎಂದು ಒಪ್ಪಿಕೊಳ್ಳುವುದಕ್ಕೂ ನನಗೆ ಸಂಕಟವಾಗುತ್ತಿತ್ತು.

ರೊಟ್ಟಿ ಮಾಡುವ ಮನೆಯನ್ನು ಬೇರೆಯವರಿಗೆ ವಹಿಸಬಹುದಿತ್ತು. ನಾನೇ ಹೋದೆ. ತಾಯಿ ಮೊದಲಿನ ಹಾಗೇ ರೊಟ್ಟಿ ಬಡಿಯುತ್ತಿದ್ದಳು. ಮನೆಯಲ್ಲಿ ಎಷ್ಟು ಮಂದಿ ಅಂದೆ, ಅದೇ ನಾಲ್ಕು ಅಂದಳು. ಬಸುರಿಯರು? ಇಲ್ಲ. ಕೊನೆಯ ಹಾಳೆ ತಿರುಗಿಸಿದೆ. ಆ ಮನೆಯಿಂದಲೇ ಹುಟ್ಟಿದ ಪ್ರಶ್ನೆಯನ್ನು ಆ ಮನೆಯಲ್ಲಿ ಕೇಳಲು ನನಗೆ ಬಾಯಿ ಬರಲಿಲ್ಲ. ಹಾಳೆ ಮಡಚಿ ಏಳುವುದರಲ್ಲಿದ್ದೆ.

"ಇನ್ನೊಂದು ಪ್ರಶ್ನೆ ಐತಂತಲ್ರಿ ಸಿಸ್ಟರ್," ಅಂದಳು. "ಪಕ್ಕದ ಮನೆಯಾಗೆ ಕೇಳಿದ್ರಂತೆ. ನಮ್ಮನ್ನ ಯಾಕ ಬಿಟ್ರಿ?"

ಹಾಳೆ ಬಿಚ್ಚಿ, ತಲೆ ಎತ್ತದೆ ಓದಿದೆ. ತವರಿಗೆ ಬಂದಿರುವ ಹೆಣ್ಣುಮಕ್ಕಳು ಇದ್ದಾರೆಯೇ?

ರೊಟ್ಟಿ ಬಡಿಯುವ ಸದ್ದು ನಿಂತಿತು.

"ಅದಾಳೆ. ಬರ್ಕೊಳ್ರಿ."

ಒಂದು ಎಂದು ಬರೆದೆ. ಎಷ್ಟನೇ ತಿಂಗಳು ಎಂಬ ಖಾನೆಯನ್ನು ಖಾಲಿ ಬಿಟ್ಟು ಮುಂದಿನ ಮನೆಗೆ ಹೋದೆ.